ಬಾಯ್ಲರಕ್ಕನ ಪಾಲಿಗೆ ಬಂದ ಹಸಿ ಬೆಂಡು

ಬಾಯ್ಲರಕ್ಕನಿಗೆ ಸಿಟ್ಟು ಬಂದರೆ ಮೊದಲು ಮೂಗಿನಿಂದ ಉದ್ದನೆಯ ಉಸಿರೊಂದು ಹೊರಡುತ್ತಿತ್ತು. ಅವಳನ್ನು ಬಲ್ಲವರು ಆ ಉಸಿರು ಕೇಳಿದ ಕೂಡಲೇ ಏನೋ ಕೆಲಸ ನೆನಪಾದವರಂತೆ ಆಚೆ ಸರಿಯುತ್ತಿದ್ದರು. ಅರಿಯದವರು ಅಲ್ಲೇ ನಿಂತು ಉಳಿದದ್ದನ್ನೂ ಕೇಳಿಸಿಕೊಳ್ಳುತ್ತಿದ್ದರು.

ಆ ಹೆಸರು ಅವಳಿಗೆ ದೊಡ್ಡಾಸ್ಪತ್ರೆಯಲ್ಲಿ ಅಂಟಿದ್ದು. ರೋಗಿಗಳ ಹಾಸಿಗೆ ಬಟ್ಟೆ ಕುದಿಸಿ ಒಗೆಯುವ ವಿಭಾಗಕ್ಕೆ ಹಬೆ ಕೊಡುವ ಬಾಯ್ಲರು ಅವಳ ಸುಪರ್ದಿಯಲ್ಲಿತ್ತು. ಮದುವೆಗೆ ಮುಂಚೆ ಸೇರಿದವಳು, ತಲೆಯಲ್ಲಿ ಬಿಳಿಕೂದಲು ಕಾಣಿಸುವವರೆಗೂ ಅದರ ಎದುರಿಗೇ ಇದ್ದಳು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ಅವಳು ನೋಡಿದಷ್ಟು ಗಂಡನ ಮುಖವನ್ನೂ ನೋಡಿರಲಿಲ್ಲ. ಗಂಡ ದರ್ಜಿ, ಸಾಧು ಮನುಷ್ಯ. ಈ ಮಾತನ್ನು ಅವನೇ ನಗುತ್ತಾ ಹತ್ತು ಜನರ ಮುಂದೆ ಹೇಳುತ್ತಿದ್ದ.

ಬಾಯ್ಲರ್ ಪರೀಕ್ಷೆಗೆ ಹೆಂಗಸರು ಕೂರುವುದು ಅಪರೂಪವಾಗಿದ್ದ ಕಾಲದಲ್ಲಿ ಅವಳನ್ನು ಕೂರಿಸಿದವನು ಅಣ್ಣ. ಅಪ್ಪ ತೀರಿಕೊಂಡ ವರ್ಷ ಅವನು ಶಾಲೆ ಬಿಟ್ಟು ಮಂಡಿಯಲ್ಲಿ ಮೂಟೆ ಹೊರುವುದಕ್ಕೆ ನಿಂತ. "ಮನೆಯಲ್ಲಿ ಒಬ್ಬರು ಓದಿದರೆ ಸಾಕು, ಅದು ನೀನೇ ಆಗು" ಅಂದ. ಓದಿಸಿದ ಕೂಡ. ಹಾಗಾಗಿ ಮುಂದೆ ಜೀವನಪೂರ್ತಿ ಅವನು ಏನು ಅವಾಂತರ ಮಾಡಿದರೂ ಅವಳಿಗೆ ಬಾಯಿ ತುಂಬಾ ಬೈಯುವ ಸ್ವಾತಂತ್ರ್ಯವಿತ್ತೇ ಹೊರತು ಕೈಬಿಡುವ ಸ್ವಾತಂತ್ರ್ಯವಿರಲಿಲ್ಲ. ಅವಾಂತರಗಳಿಗೇನೂ ಬರವಿರಲಿಲ್ಲ. ಮಂಡಿಯಲ್ಲಿ ಅವನನ್ನು ಎಲ್ಲರೂ "ನಾಳೆಯಣ್ಣ" ಎನ್ನುತ್ತಿದ್ದರು. ಯಾವ ಕೆಲಸ ಹೇಳಿದರೂ "ನಾಳೆ ಗ್ಯಾರಂಟಿ" ಎನ್ನುವುದು ಅವನ ಅಭ್ಯಾಸ.

ಆಸ್ಪತ್ರೆಗೆ ವಿದ್ಯುತ್ ಯಂತ್ರಗಳು ಬಂದು ಬಾಯ್ಲರನ್ನು ಗುಜರಿಗೆ ಹಾಕಿದಾಗ ಅವಳು ಅದನ್ನು ಕತ್ತರಿಸಿ ಒಯ್ಯುವವರೆಗೂ ಅಂಗಳದಲ್ಲಿ ನಿಂತಿದ್ದಳು. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆಗ ಕೆಲಸದ ಸುದ್ದಿ ತಂದವನೂ ಅಣ್ಣನೇ. ಊರಾಚೆ ಬೆಳೆಗಾರರ ಸಂಘದ ಶೀತಲ ಗೋದಾಮಿನಲ್ಲಿ ಹೊಸ ಯಂತ್ರವೊಂದನ್ನು ನಿಲ್ಲಿಸುತ್ತಿದ್ದಾರೆ, ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ಉಳಿಯುತ್ತದಲ್ಲ ಆ ಬೆಂಡು, ಶೇಂಗಾ ಸಿಪ್ಪೆ, ಹತ್ತಿ ಕಡ್ಡಿ, ಇಂಥದ್ದನ್ನೆಲ್ಲ ತಿಂದು ಅದು ಗ್ಯಾಸು ಕಕ್ಕುತ್ತದೆ, ಆ ಗ್ಯಾಸಿನಿಂದ ಇಂಜಿನ್ ಓಡಿ ಗೋದಾಮು ತಂಪಾಗಿರುತ್ತದೆ ಎಂದ.

"ಬೆಂಕಿ ಅಂದರೆ ನೀನೇ ಸರಿ ಅಂತ ನಾನೇ ಹೇಳಿ ಬಂದಿದ್ದೀನಿ, ಪುಟ್ಟಿ."

ಅವಳು ಎದ್ದು ಕೂತು ಕೇಳಿದಳು, "ನಿನಗೇನು ಅಲ್ಲಿ ಕೆಲಸ?"

"ಬೆಂಡು ತಂದು ಹಾಕೋದು ನಾನೇ."

ಅವಳು ಮತ್ತೆ ಮಲಗಿಬಿಟ್ಟಳು. ಆದರೆ ಮರುದಿನ ಹೋದಳು.

ಯಂತ್ರವನ್ನು ನಿಲ್ಲಿಸಿದ ಇಂಜಿನಿಯರಮ್ಮ ಮಗಳ ವಯಸ್ಸಿನವಳು. ಉದ್ದನೆಯ ಹುಡುಗಿ, ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಸ್ಪ್ಯಾನರು. ಮೊದಲ ದಿನವೇ ಅಕ್ಕನ ಕೊರಳಪಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಸಿಕ್ಕಿಸಿದಳು. "ಇದರಿಂದ ಬರೋ ಗ್ಯಾಸಿನಲ್ಲಿ ಹೈಡ್ರೋಜನ್ ಇರುತ್ತೆ, ಜೊತೆಗೆ ಕಾರ್ಬನ್ ಮಾನಾಕ್ಸೈಡೂ ಇರುತ್ತೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸೋರಿದರೆ ನಿಮಗೆ ಗೊತ್ತಾಗೋ ಮುಂಚೆ ಇದಕ್ಕೆ ಗೊತ್ತಾಗುತ್ತೆ, ಕೂಗುತ್ತೆ. ತೆಗೆಯಬೇಡಿ ಅಕ್ಕ."

"ಹಸುವಿಗೆ ಗಂಟೆ ಕಟ್ಟಿದ ಹಾಗಾಯ್ತು" ಎಂದು ಅಕ್ಕ ಗೊಣಗಿದಳು. ತೆಗೆಯಲಿಲ್ಲ ಮಾತ್ರ. ಬಾಯ್ಲರಿನವರು ಅಳತೆ ತೋರಿಸುವ ಯಾವ ಸಾಮಾನಿಗೂ ಎದುರಾಡುವುದಿಲ್ಲ.

ಕೆಲಸ ಕಲಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಅದೊಂದು ಎತ್ತರದ ಕಬ್ಬಿಣದ ಕುಲುಮೆ. ಮೇಲಿನಿಂದ ಬೆಂಡು ಸುರಿಯಬೇಕು. ನಡುವಿಗೆ ಗಾಳಿ ಕೊಡಬೇಕು, ಆದರೆ ಹೊಟ್ಟೆ ತುಂಬುವಷ್ಟಲ್ಲ. ಗಂಡನಿಗೆ ಅವಳು ಊಟದ ಹೊತ್ತಿನಲ್ಲಿ ಬೆಂಕಿಕಡ್ಡಿ ಗೀರಿ ತೋರಿಸಿದಳು. "ನೋಡಿ, ಉರಿ ಕಡ್ಡಿಗೆ ಅಂಟಿಕೊಂಡಿಲ್ಲ, ಚೂರು ದೂರದಲ್ಲಿದೆ. ಕಾದ ಕಡ್ಡಿಯಿಂದ ಏಳೋ ಆವಿ ಉರೀತಾ ಇದೆ. ನಾವು ಗಾಳಿ ಕಡಿಮೆ ಕೊಟ್ಟು, ಅದನ್ನ ಅಲ್ಲೇ ಪೂರ್ತಿ ಉರಿಯೋಕೆ ಬಿಡದೆ ಕೆಂಡದ ಮೂಲಕ ಎಳೆದು, ತೊಳೆದು, ಸೋಸಿ ಇಂಜಿನ್ನಿಗೆ ಕೊಡ್ತೀವಿ."

"ಅಂದರೆ ಊಟಕ್ಕೆ ಕೂರಿಸಿ ಅರ್ಧ ಹೊಟ್ಟೆಯಲ್ಲಿ ಎಬ್ಬಿಸೋದು" ಅಂದ ದರ್ಜಿ.

"ಹೂಂ. ನಿಮ್ಮ ತಟ್ಟೆ ಈಗ ಹಾಗೇ ಎತ್ತಲಾ?"

ಅಲ್ಲಿಗೆ ಎಲ್ಲವೂ ಸುಗಮ. ತಲೆನೋವು ಶುರುವಾದದ್ದು ಬೆಂಡಿನಿಂದ.

ಬೆಂಡು ಒಣಗಿರಬೇಕು ಎಂದು ಇಂಜಿನಿಯರಮ್ಮ ಹೇಳಿದ್ದಳು. ಮುರಿದರೆ ಲಟಕ್ಕನೆ ಸದ್ದಾಗಬೇಕು. ಅಣ್ಣ ತರುತ್ತಿದ್ದ ಬೆಂಡು ಮುರಿದರೆ ಸದ್ದೇ ಇಲ್ಲ, ಒದ್ದೆ ಬಟ್ಟೆ ಹಿಂಡಿದಂತೆ ಬಾಗುತ್ತಿತ್ತು. ಹೊಲಗಳ ಅಂಚಿನಲ್ಲಿ ರಾಶಿ ಬಿದ್ದು, ಇಬ್ಬನಿ ಕುಡಿದು, ಮಳೆ ಕುಡಿದು, ಅಡಿಯಲ್ಲಿ ಬೂಷ್ಟು ಹಿಡಿದದ್ದನ್ನೆಲ್ಲ ಸಲಿಕೆಯಿಂದ ಕೆರೆದು ಲಾರಿಗೆ ತುಂಬಿಸಿಕೊಂಡು ಬರುತ್ತಿದ್ದ. ಜೊತೆಗೆ ಕಲ್ಲು, ಮಣ್ಣಿನ ಹೆಂಟೆ, ಹರಿದ ಚಪ್ಪಲಿ. ಒಮ್ಮೆ ರಾಶಿಯ ನಡುವಿನಿಂದ ಜೀವಂತ ಕೋಳಿಯೊಂದು ರೆಕ್ಕೆ ಬಡಿಯುತ್ತಾ ಹೊರಬಂದು ಅಕ್ಕನ ಹೆಗಲ ಮೇಲೆ ಕೂತಿತು.

"ಏನಣ್ಣ ಇದು?"

"ಕೋಳಿ."

"ಅದು ನನಗೂ ಕಾಣುತ್ತೆ. ಬೆಂಡು ಹಸಿ ಇದೆಯಲ್ಲ, ಅದನ್ನ ಕೇಳಿದ್ದು!"

"ಮೇಲಿನದಷ್ಟೇ ಹಸಿ ಪುಟ್ಟಿ, ಕೆಳಗೆಲ್ಲ ಗರಿಗರಿ."

ಕೆಳಗೆ ಇನ್ನೂ ಹಸಿಯಿರುತ್ತಿತ್ತು. ಬೇರೆಯವರಿಂದ ತರಿಸೋಣವೆಂದರೆ ಸುತ್ತಮುತ್ತ ಲಾರಿ ಕಟ್ಟಿಕೊಂಡು ಕಸಕ್ಕಾಗಿ ಹೊಲ ಸುತ್ತುವವರು ಇನ್ನೊಬ್ಬರಿರಲಿಲ್ಲ. ಹಸಿ ಬೆಂಡು ಹಾಕಿದ ದಿನ ಕೆಂಡ ಮಂಕಾಗುತ್ತಿತ್ತು. ಕೆಂಡ ಮಂಕಾದರೆ ಡಾಂಬರಿನಂಥ ಜಿಗುಟು ಸುಟ್ಟುಹೋಗದೆ ಗ್ಯಾಸಿನ ಜೊತೆ ಬಂದು, ಅದನ್ನು ಸೋಸುವ ಶೋಧಕದಲ್ಲಿ ಕೂರುತ್ತಿತ್ತು. ಇಂಜಿನ್ ಕೆಮ್ಮಿ, ಉಗ್ಗಿ, ನಿಂತುಬಿಡುತ್ತಿತ್ತು. ಗೋದಾಮಿನೊಳಗಿನ ತರಕಾರಿ ಬೆವರುತ್ತಿತ್ತು. ಸಂಘದ ಅಧ್ಯಕ್ಷರು ಓಡಿಬಂದು, ಏನಾಯಿತೆಂದು ಕೇಳಿ, ಉತ್ತರ ಮುಗಿಯುವುದರೊಳಗೆ ಹೊರಟುಹೋಗುತ್ತಿದ್ದರು. ಆಮೇಲೆ ಆ ಕಪ್ಪು ಜಿಗುಟನ್ನು ಕೆರೆಯುವವಳು ಅಕ್ಕ. ಸೀಮೆಎಣ್ಣೆಗೂ ಸೋಪಿಗೂ ಬಗ್ಗದ ವಸ್ತು ಅದು. ಉಗುರ ಸಂದಿಯಲ್ಲಿ, ಕೂದಲಲ್ಲಿ, ತಲೆದಿಂಬಿನಲ್ಲಿ ಅದೇ ವಾಸನೆ. ದರ್ಜಿಯ ಅಂಗಡಿಗೆ ಬಂದ ಗಿರಾಕಿಗಳು ಹೊಸ ಅಂಗಿಯನ್ನು ಮೂಸಿ ನೋಡಿ, "ಇದೇನು, ರಸ್ತೆ ಹಾಕೋ ವಾಸನೆ ಬರ್ತಾ ಇದೆ" ಎನ್ನತೊಡಗಿದರು.

"ನಾನು ಏನೂ ಹೇಳ್ತಾ ಇಲ್ಲ" ಅಂದ ದರ್ಜಿ. "ಅವರು ಹೇಳಿದ್ದನ್ನ ನಿನಗೆ ಮುಟ್ಟಿಸಿದೆ, ಅಷ್ಟೇ."

ಇಷ್ಟು ಸಾಲದೆಂಬಂತೆ ಇಂಜಿನಿಯರಮ್ಮ ಕುಲುಮೆಗೆ ಹಬೆ ಕೊಡಬೇಕೆಂದು ಹೊರಟಳು.

ಅಕ್ಕನಿಗೆ ಕಿವಿಗಳ ಮೇಲೆ ನಂಬಿಕೆ ಬರಲಿಲ್ಲ. ನೀರು ಬೆಂಕಿಗೆ ಬೀಳದ ಹಾಗೆ ನೋಡಿಕೊಳ್ಳುವುದರಲ್ಲೇ ಆಯುಸ್ಸು ಸವೆಸಿದವಳಿಗೆ ಈಗ ಕೆಂಡದ ನಡುವಿಗೇ ಹಬೆ ಬಿಡು ಎಂದರೆ ಹೇಗೆ? "ಆರಿಹೋಗುತ್ತೆ ಮೇಡಂ" ಅಂದಳು.

"ಆರಲ್ಲ ಅಕ್ಕ. ಕೆಂಡ ಚೆನ್ನಾಗಿ ಕಾದಿದ್ದರೆ ಹಬೆ ಅಲ್ಲಿ ಒಡೆಯುತ್ತೆ. ನೀರಿನಲ್ಲಿರೋ ಹೈಡ್ರೋಜನ್ ಬಿಡಿಸಿಕೊಂಡು ಬರುತ್ತೆ. ಗ್ಯಾಸಿನ ಕಸುವು ಹೆಚ್ಚುತ್ತೆ."

"ಆರಿಹೋಗುತ್ತೆ" ಅಂದಳು ಅಕ್ಕ ಮತ್ತೆ.

ಮೊದಲ ಸಲ ಆರಿಯೇ ಹೋಯಿತು. ಕೆಂಡ ಚುಂಯ್ಯೆಂದು ಕಪ್ಪಾಗಿ, ಕೊಳವೆಗಳಿಂದ ಹಳದಿ ಹೊಗೆ ಉಕ್ಕಿ, ಇಬ್ಬರೂ ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಓಡಿದರು. ನಾನು ಮೊದಲೇ ಹೇಳಿರಲಿಲ್ಲವಾ ಎನ್ನುವ ಮಾತು ಅಕ್ಕನ ನಾಲಿಗೆ ತುದಿಗೆ ಬಂದಿತ್ತು. ಹುಡುಗಿಯ ಮುಖ ನೋಡಿ ನುಂಗಿಕೊಂಡಳು. ನುಂಗಿದ್ದೇ ಒಳ್ಳೆಯದಾಯಿತು. ಇಂಜಿನಿಯರಮ್ಮ ವಾರವಿಡೀ ಕೂತು, ಕುಲುಮೆಯಿಂದ ಬಿಸಿ ಗ್ಯಾಸು ಹೊರಬರುವ ಕೊಳವೆಯ ಸುತ್ತ ಇನ್ನೊಂದು ಸಣ್ಣ ಕೊಳವೆ ಸುತ್ತಿ, ಹಬೆ ಅದರೊಳಗೆ ಚೆನ್ನಾಗಿ ಕಾದು ಒಣಗಿ ಬರುವಂತೆ ಮಾಡಿದಳು. ಇದ್ದಬದ್ದ ರಾಶಿಯಿಂದ ಅಕ್ಕ ಲಟಕ್ಕೆನ್ನುವ ಬೆಂಡನ್ನೆಲ್ಲ ಕೈಯಿಂದ ಆರಿಸಿಟ್ಟಳು. ಬೇಡವೆಂದ ಕೆಲಸಕ್ಕೆ ತಾನೇ ಬೆನ್ನು ಬಗ್ಗಿಸುತ್ತಿದ್ದೇನಲ್ಲ ಎಂದು ಆರಿಸುವಾಗಲೆಲ್ಲ ಗೊಣಗಿದಳು.

ಎರಡನೇ ಸಲ ಕೆಂಡ ಬಿಳಿಚಿಕೊಳ್ಳುವಷ್ಟು ಕಾದ ಮೇಲೆ ಅಕ್ಕನೇ ಹಬೆಯ ಕವಾಟ ತಿರುಗಿಸಿದಳು. ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು. ಹೊರಗೆ ಪರೀಕ್ಷೆಗೆಂದು ಉರಿಸುವ ಕೊಳವೆಯ ತುದಿಯಲ್ಲಿ ಕಿತ್ತಳೆ ಬಣ್ಣದ ಜ್ವಾಲೆಯಿತ್ತು. ಅದು ಮೊದಲು ನೀಲಿಯಾಯಿತು, ಆಮೇಲೆ ಬಿಸಿಲಿನಲ್ಲಿ ಕಾಣಿಸದಷ್ಟು ತೆಳುವಾಯಿತು.

"ಆರಿತು ನೋಡಿ" ಎಂದಳು ಅಕ್ಕ, ಅರ್ಧ ಬೇಸರ ಅರ್ಧ ಸಮಾಧಾನದಿಂದ.

ಇಂಜಿನಿಯರಮ್ಮ ಉದ್ದನೆಯ ಕಂಬಿಯೊಂದರ ತುದಿಗೆ ಬಟ್ಟೆ ಚೂರು ಸಿಕ್ಕಿಸಿ ಅವಳ ಕೈಗೆ ಕೊಟ್ಟಳು. ಅಕ್ಕ ಅದನ್ನು ಕೊಳವೆಯ ಬಾಯಿಗೆ ಹಿಡಿದಳು. ಬಟ್ಟೆ ಭಗ್ಗನೆ ಹೊತ್ತಿಕೊಂಡಿತು. ಜ್ವಾಲೆ ಅಲ್ಲೇ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ. ಗ್ಯಾಸು ಅಳೆಯುವ ಪೆಟ್ಟಿಗೆಯಲ್ಲಿ ಹೈಡ್ರೋಜನ್ನಿನ ಪಾಲು ಮುಂಚಿನದಕ್ಕಿಂತ ಒಂದೂವರೆ ಪಟ್ಟು ತೋರಿಸುತ್ತಿತ್ತು.

ಅಕ್ಕ ಸುಟ್ಟ ಬಟ್ಟೆಯನ್ನು ಬಹಳ ಹೊತ್ತು ನೋಡಿದಳು. "ಸರಿ ಬಿಡಮ್ಮ, ನೀನು ಹೇಳಿದ್ದೇ ಸರಿ" ಎಂದಳು. ಆ ಹೊತ್ತಿನಿಂದ ಮೇಡಂ ಅನ್ನುವುದು ಹೋಗಿ ಅಮ್ಮ ಅನ್ನುವುದು ಬಂತು.

ಈ ಸುದ್ದಿ ಅಣ್ಣನ ಕಿವಿಗೆ ಬೀಳಬಾರದಿತ್ತು. ಬಿತ್ತು. ಮರುದಿನವೇ ನೀರು ತೊಟ್ಟಿಕ್ಕುವ ಲಾರಿಯೊಂದು ಗೇಟಿನೊಳಗೆ ಬಂತು. ಹಿಂದಿನ ಹಲಗೆಯಿಂದ ಕೆಂಪು ನೀರಿನ ಗೆರೆ ರಸ್ತೆಯುದ್ದಕ್ಕೂ ಬಿದ್ದಿತ್ತು. ಅಣ್ಣ ಮದುಮಗನಂತೆ ಇಳಿದ.

"ಅಣ್ಣ, ಇದನ್ನ ಕೆರೆಯಿಂದ ಎತ್ತಿಕೊಂಡು ಬಂದೆಯಾ?"

"ನೀನೇ ಕುಲುಮೆಗೆ ನೀರು ಕುಡಿಸ್ತಾ ಇದ್ದೀಯಂತಲ್ಲ! ನೀರು ಹಾಕಿದರೆ ಗ್ಯಾಸು ಜಾಸ್ತಿ ಅಂತ ಇಂಜಿನಿಯರಮ್ಮನೇ ಹೇಳಿದ್ದಾರಂತೆ. ನಾನು ನೀರನ್ನ ಬೆಂಡಿನೊಳಗೇ ತುಂಬಿಸಿ ತಂದಿದ್ದೀನಿ. ಹಬೆ ಮಾಡೋ ತಾಪತ್ರಯವೇ ಉಳೀತು ನಿಮಗೆ."

ಕೇಳುವುದಕ್ಕೆ ಆ ಮಾತು ಎಷ್ಟು ಸರಿಯಾಗಿತ್ತೆಂದರೆ ಎಲ್ಲಿಂದ ಬಿಡಿಸಬೇಕೆಂದು ಇಂಜಿನಿಯರಮ್ಮನಿಗೆ ತಕ್ಷಣ ಹೊಳೆಯಲಿಲ್ಲ.

ಅಕ್ಕ ಬಿಡಿಸಿದಳು. "ಹಸಿ ಸೌದೆ ಒಲೆಗಿಟ್ಟರೆ ಏನಾಗುತ್ತೆ? ಮೊದಲು ತನ್ನ ನೀರು ಕುದಿಸಿಕೊಳ್ಳೋದರಲ್ಲೇ ಬೆಂಕಿಯ ಕಸುವೆಲ್ಲ ಮುಗಿದುಹೋಗುತ್ತೆ. ಕೆಂಡ ತಣ್ಣಗಾಗುತ್ತೆ. ಜಿಗುಟು ಬರುತ್ತೆ. ನಾನು ಬಿಡೋ ಹಬೆ ಬೇರೆ ಕಡೆ ಕಾದು, ಒಣಗಿ, ಸಿದ್ಧವಾಗಿ ಬಂದು ನೇರ ಕೆಂಡಕ್ಕೆ ಬೀಳುತ್ತೆ. ನೀನು ತಂದಿದ್ದು ದಾರೀಲೇ ಬೆಂಕೀನ ತಿನ್ನುತ್ತೆ. ಮನೆಗೆ ಬರೋ ನೆಂಟರಲ್ಲಿ ಬುತ್ತಿ ಕಟ್ಟಿಕೊಂಡು ಬರೋರು ಬೇರೆ, ಬಂದು ಅಡುಗೆಮನೆ ಖಾಲಿ ಮಾಡೋರು ಬೇರೆ. ಗೊತ್ತಾಯ್ತಾ?"

"ಗೊತ್ತಾಯ್ತು" ಅಂದ ಅಣ್ಣ. ಎಲ್ಲ ಗೊತ್ತಾದವನಂತೆ ತಲೆಯಾಡಿಸಿ, "ಹಾಗಾದರೆ ಹಬೆ ಚೂರು ಕಡಿಮೆ ಮಾಡಿ, ನನ್ನದನ್ನ ಹಾಕಿ" ಎಂದ.

ಅಕ್ಕನ ಮೂಗಿನಿಂದ ಉಸಿರು ಹೊರಟಿತು. ಕಾವಲುಗಾರ ಗೇಟಿನ ಕಡೆ ನಡೆದ. ಲಾರಿಯ ಚಾಲಕ ಟೈರು ನೋಡಲು ಬಗ್ಗಿದ. ಅಣ್ಣ ಮಾತ್ರ ನಿಂತೇ ಇದ್ದ.

"ನಿನಗೆ ಹೇಳೋದೂ ಒಂದೇ, ಹೊಳೆಯಲ್ಲಿ ಹುಣಸೆಹಣ್ಣು ತೊಳೆಯೋದೂ ಒಂದೇ!" ಎಂದಳು ಅವಳು. "ಬೆಂಡು ಒಣಗಿಸಿ ತರೋಕೆ ಆದರೆ ತಾ. ಆಗಲಿಲ್ಲ ಅಂದರೆ ನನಗೆ ಮುಖ ತೋರಿಸಬೇಡ. ನಾಳೆ ಗೀಳೆ ಅಂದೆಯೋ, ಆ ಕುಲುಮೆಗೆ ನಿನ್ನನ್ನೇ ಹಾಕ್ತೀನಿ. ನೀನಾದರೂ ಒಣಗಿದ್ದೀಯ."

ಅಣ್ಣ ನಗಲಿಲ್ಲ. ಯಾವಾಗಲೂ ನಗುವವನು. ತಲೆ ಕೆರೆದುಕೊಂಡು ಲಾರಿ ಹಿಂದಕ್ಕೆ ತೆಗೆಸಿದ. ಅವಳಿಗೆ ಒಳಗೆ ಚುರ್ರೆಂದಿತು. ಆದರೆ ಆ ಹೊತ್ತಿಗೆ ಶೋಧಕ ಮತ್ತೆ ಕಟ್ಟಿಕೊಂಡಿತ್ತು, ಚುರ್ರೆಂದದ್ದನ್ನು ವಿಚಾರಿಸಲು ಪುರಸೊತ್ತಿರಲಿಲ್ಲ.

ಅವನು ಕೆಲವು ದಿನ ಕಾಣಲಿಲ್ಲ. ಆಮೇಲೆ ಯಂತ್ರದ ಮನೆಯ ಹಿಂದಿನ ಖಾಲಿ ಷೆಡ್ಡಿನಲ್ಲಿ ಬೆಂಡು ಇಳಿಸುತ್ತಿರುವುದು ಕಂಡಿತು. ತೆಗೆದಿಡಲು ಜಾಗ ಮಾಡಿಕೊಳ್ಳುತ್ತಿದ್ದಾನೆಂದು ಅವಳು ಸುಮ್ಮನಾದಳು. ಮಾತಾಡಿಸಲು ಹೋಗಲಿಲ್ಲ. ಅವನೂ ಬರಲಿಲ್ಲ. ಅಣ್ಣತಂಗಿಯರ ಮುನಿಸು ಅಂದರೆ ಹಾಗೆಯೇ. ಯಾರು ಮೊದಲು ಟೀ ತಂದುಕೊಡುತ್ತಾರೋ ಅವರು ಸೋತಂತೆ.

ಅಣ್ಣನ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಇಂಜಿನ್ನಿನ ಹೊಗೆ ಕೊಳವೆ ಹಿಂಗೋಡೆಯಿಂದ ಹೊರಬಂದು ಆಕಾಶಕ್ಕೆ ಬಿಸಿ ಉಗುಳುತ್ತಿತ್ತು. ಅಷ್ಟು ಬಿಸಿ ಯಾರಿಗೂ ಬೇಡವಾಗಿ ಹೋಗುತ್ತಿದೆಯಲ್ಲ ಎಂದು ಅವನಿಗೆ ಅನ್ನಿಸಿತ್ತು. ಗುಜರಿಯಿಂದ ಬಾಗುವ ಲೋಹದ ಕೊಳವೆಯೊಂದನ್ನು ತಂದ. ಮಧ್ಯಾಹ್ನ ಅಕ್ಕ ಶೋಧಕದ ಕೆಳಗೆ ಮಲಗಿ ಜಿಗುಟು ಕೆರೆಯುತ್ತಿದ್ದ ಹೊತ್ತು ನೋಡಿ, ಹೊಗೆ ಕೊಳವೆಯ ಬಾಯಿಗೆ ಅದನ್ನು ಸಿಕ್ಕಿಸಿ ಇನ್ನೊಂದು ತುದಿಯನ್ನು ಷೆಡ್ಡಿನೊಳಗೆ ಬಿಟ್ಟ. ಬಿಸಿ ಆಚೆ ಹೋಗದಿರಲೆಂದು ಬಾಗಿಲು ಮುಚ್ಚಿ, ಸಂದಿಗಳಿಗೆ ಗೋಣಿಚೀಲ ತುರುಕಿದ. ಬೆಂಡು ಹೇಗೆ ಒಣಗುತ್ತದೆ ನೋಡೋಣವೆಂದು ತಾನೂ ಒಳಗೇ ಕೂತ.

ಅಕ್ಕನಿಗೆ ಮೊದಲು ಅನುಮಾನ ಬಂದದ್ದು ಇಂಜಿನ್ನಿನ ಸದ್ದಿನಿಂದ. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ ಹಾಗೆ ಮಂದವಾಗಿತ್ತು. ಕೈ ಒರೆಸಿಕೊಳ್ಳುತ್ತಾ ಹಿಂದೆ ಹೋದಳು. ಬಾಗಿದ ಕೊಳವೆ ಕಂಡಿತು, ಮುಚ್ಚಿದ ಬಾಗಿಲು ಕಂಡಿತು, ಬಾಗಿಲ ಹೊರಗೆ ಬಿಟ್ಟ ಅಣ್ಣನ ಚಪ್ಪಲಿ ಕಂಡಿತು. ಹತ್ತಿರ ಹೋಗುತ್ತಿದ್ದಂತೆ ಕೊರಳಲ್ಲಿದ್ದ ಪೆಟ್ಟಿಗೆ ಕಿರುಚತೊಡಗಿತು.

ನುಗ್ಗಬೇಕೆಂದು ಕಾಲು ಎಳೆಯಿತು. ಅವಳು ನುಗ್ಗಲಿಲ್ಲ. ಹಿಂದಕ್ಕೆ ಓಡಿ ಗೋಡೆಯ ಮೇಲಿನ ಕೆಂಪು ಗುಂಡಿ ಗುದ್ದಿದಳು, ಇಂಜಿನ್ ನಿಂತಿತು. "ಏಯ್ ಹುಡುಗಿ, ಆಮ್ಲಜನಕ ತಗೊಂಡು ಬಾ, ಹಿಂದಿನ ಷೆಡ್ಡಿಗೆ!" ಎಂದು ಜೀವ ಹೋಗುವಂತೆ ಕೂಗಿದಳು. ಮುಂದಿನ ಬಾಗಿಲು ತೆರೆದಳು. ಸುತ್ತಿ ಬಂದು ಹಿಂದಿನ ಬಾಗಿಲ ಕೊಂಡಿಯನ್ನು ಸಲಿಕೆಯಿಂದ ಮೀಟಿದಳು, ಗಾಳಿ ಅಡ್ಡಡ್ಡ ಹಾಯಿತು. ಹೊರಗೇ ನಿಂತು ಎದೆ ತುಂಬ ಉಸಿರೆಳೆದು ಕಟ್ಟಿಕೊಂಡು ಒಳಗೆ ಹೋದಳು.

ಅಣ್ಣ ಬೆಂಡಿನ ರಾಶಿಗೆ ಒರಗಿ, ನಿದ್ದೆ ಹೋದವನಂತೆ ಕುಳಿತಿದ್ದ. ಕೆನ್ನೆ ಕೆಂಪಗಿತ್ತು. ಕಂಕುಳಿಗೆ ಕೈ ಹಾಕಿ ಎಳೆದಳು. ಮೂಟೆ ಹೊತ್ತು ಬೆಳೆದ ಮೈ, ಕದಲಲಿಲ್ಲ. ಕಟ್ಟಿದ ಉಸಿರು ಮುಗಿಯಿತು. ಹೊರಗೆ ಬಂದು ಮತ್ತೆ ಉಸಿರೆಳೆದುಕೊಂಡು ಒಳಗೆ ಹೋದಳು. ಈ ಸಲ ಕಾಲು ಹಿಡಿದಳು. ಹೊಸ್ತಿಲವರೆಗೆ ಬಂದಾಗ ಇಂಜಿನಿಯರಮ್ಮನೂ ಬಂದು ಇನ್ನೊಂದು ಕಾಲು ಹಿಡಿದಳು. ಇಬ್ಬರೂ ಅವನನ್ನು ಹಸಿ ಮೂಟೆಯಂತೆ ಎಳೆದು ಅಂಗಳದ ಬಿಸಿಲಿಗೆ ಹಾಕಿದರು.

ಯಂತ್ರದ ಮನೆಯಲ್ಲಿ ತುರ್ತಿಗೆಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರನ್ನು ಹುಡುಗಿ ತಂದಿದ್ದಳು, ಮುಖವಾಡ ಸರಿಯಾಗಿ ಇಟ್ಟು ಅದರ ತಿರುಪು ತಿರುಗಿಸಿದಳು. ಅಕ್ಕ ಅಣ್ಣನ ಎದೆಯ ಮೇಲೆ ಕೈಯಿಟ್ಟು ಕೂತಳು. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಇಳಿದದ್ದು ಮತ್ತೆ ಏರಲು ತಡಮಾಡುತ್ತಿತ್ತು. "ಏಳೋ" ಎಂದಳು. ಎಷ್ಟು ಬೈದರೂ ಅವಳು ಅವನನ್ನು ಎಂದೂ "ಲೋ" ಹಚ್ಚಿ ಗದರಿದವಳಲ್ಲ. "ಏಳೋ ಹುಚ್ಚಪ್ಪಾ, ಮುಖ ತೋರಿಸಬೇಡ ಅಂದರೆ ಹೀಗೆ ಹೋಗೋದಾ?"

ದೊಡ್ಡಾಸ್ಪತ್ರೆಯಲ್ಲಿ ಅವನನ್ನು ಒಂದು ಕೋಣೆಯೊಳಗೆ ಮಲಗಿಸಿ ಆಮ್ಲಜನಕ ಕೊಟ್ಟರು. ದರ್ಜಿ ಅಂಗಡಿ ಮುಚ್ಚಿ, ಕೊರಳಲ್ಲಿ ಅಳತೆ ಪಟ್ಟಿ ನೇತಾಡಿಸಿಕೊಂಡೇ ಓಡಿಬಂದಿದ್ದ. ಅವಳು ಗಂಡನ ಹೆಗಲಿಗೆ ತಲೆಯಿಟ್ಟು ಅತ್ತಳು. ಅಳುವಿನ ನಡುನಡುವೆ ಅಣ್ಣನಿಗೆ ಬೈದಳು, ತನಗೇ ಬೈದುಕೊಂಡಳು, ಕುರ್ಚಿಯ ಕಾಲು ಅಲುಗುತ್ತದೆಂದು ಆಸ್ಪತ್ರೆಗೂ ಬೈದಳು.

"ತಪ್ಪು ನನ್ನದೂ ಇದೆ ರೀ. ಅಷ್ಟು ಹೇಳಬಾರದಿತ್ತು."

"ನೀನು ಹೇಳಿದ್ದು ಒಣಗಿಸು ಅಂತ. ಒಳಗೆ ಕೂತ್ಕೋ ಅಂತ ಅಲ್ಲವಲ್ಲ" ಅಂದ ದರ್ಜಿ. "ಭಾವನ ಬುದ್ಧಿಗೆ ನೀನು ಹೊಣೆಯಾಗೋಕೆ ಹೋದರೆ ಬೇರೆ ಕೆಲಸಕ್ಕೆ ಹೊತ್ತೇ ಸಿಗಲ್ಲ."

ಸಂಜೆಯ ಹೊತ್ತಿಗೆ ಅಣ್ಣ ಕಣ್ಣು ಬಿಟ್ಟ. ತಲೆ ಸಿಡಿಯುತ್ತಿದೆ ಎಂದು ಸನ್ನೆ ಮಾಡಿದ. ತಂಗಿಯನ್ನು ಗುರುತಿಸಿದ. ಮುಖವಾಡ ಸರಿಸಿ ಏನೋ ಹೇಳಲು ನೋಡಿದ. ಅವಳು ಬಗ್ಗಿ ಕಿವಿಗೊಟ್ಟಳು.

"ಒಣಗಿತಾ?" ಎಂದ.

ಎದುರಿಗೆ ನರ್ಸ್ ಇಲ್ಲದಿದ್ದರೆ ಅವಳು ಬಾರಿಸಿಯೇ ಬಿಡುತ್ತಿದ್ದಳು. ಮುಖವಾಡವನ್ನು ಸರಕ್ಕನೆ ಅವನ ಮೂಗಿನ ಮೇಲೆ ಎಳೆದು ಕೂರಿಸಿ ಹೊರಗೆ ಬಂದುಬಿಟ್ಟಳು. ಹೊರಗೆ ಇಂಜಿನಿಯರಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ಏನಂತೆ ಅಕ್ಕ?"

"ಬೆಂಡು ಒಣಗಿತಾ ಅಂತ ಕೇಳ್ತಾನೆ. ಸಾಯೋಕೆ ಹೋಗಿ ಬಂದವನು ಕೇಳೋ ಪ್ರಶ್ನೆ ನೋಡು."

ಹುಡುಗಿ ತಪ್ಪು ಮಾಡುತ್ತಿದ್ದೇನೋ ಎಂಬಂತೆ ಮೆಲ್ಲಗೆ ಹೇಳಿದಳು, "ಒಣಗಿತ್ತು ಅಕ್ಕ. ಕೊಳವೆ ಬಾಯಿ ಹತ್ತಿರದ್ದು ಲಟಕ್ ಅಂತು. ನಾನು ಮುರಿದು ನೋಡಿದೆ."

ಅಕ್ಕ ಅವಳನ್ನೇ ದಿಟ್ಟಿಸಿದಳು.

"ಹೊಗೆ ಒಳಗೆ ಬಿಟ್ಟಿದ್ದು ಪ್ರಾಣ ತೆಗೆಯೋ ಕೆಲಸ" ಎಂದು ಹುಡುಗಿ ಅವಸರವಾಗಿ ಸೇರಿಸಿದಳು. "ಆದರೆ ಬಿಸಿ ಪೋಲಾಗ್ತಾ ಇದೆ ಅನ್ನೋದು ನಿಜ. ಹೊಗೆ ಕೊಳವೆಯೊಳಗೇ ಇರಲಿ, ಹಾಗೇ ಮೇಲಕ್ಕೆ ಹೋಗಲಿ. ಆ ಕೊಳವೆಯ ಸುತ್ತ ಇನ್ನೊಂದು ದೊಡ್ಡ ಕೊಳವೆ ಹಾಕಿ ನಡುವೆ ಶುದ್ಧ ಗಾಳಿ ಊದಿದರೆ, ಆ ಬಿಸಿ ಗಾಳಿಯಿಂದ ಬೆಂಡು ಒಣಗಿಸಬಹುದು. ಷೆಡ್ಡಿನ ಗೋಡೆ ತೆಗೆದು ಜಾಲರಿ ಹಾಕೋಣ. ನನಗೆ ಮುಂಚೆಯೇ ಹೊಳೆಯಬೇಕಿತ್ತು. ಹಬೆಯ ಹಿಂದೆ ಬಿದ್ದು ಇದು ತಲೆಗೇ ಬರಲಿಲ್ಲ."

"ಇದನ್ನ ಅವನಿಗೆ ಹೇಳಬೇಡ" ಅಂದಳು ಅಕ್ಕ. "ನಿನ್ನ ಕಾಲಿಗೆ ಬೀಳ್ತೀನಿ ತಾಯಿ, ಅವನಿಗೆ ಮಾತ್ರ ಹೇಳಬೇಡ."

ಹುಡುಗಿ ಹೇಳಲಿಲ್ಲ. ಸಂಘದ ಅಧ್ಯಕ್ಷರು ನೋಡಲು ಬಂದವರು ಹೇಳಿದರು.

ಅಣ್ಣ ಸುಧಾರಿಸಿಕೊಂಡು ಬರುವಷ್ಟರಲ್ಲಿ ಒಣಗಿಸುವ ಷೆಡ್ಡು ಎದ್ದು ನಿಂತಿತ್ತು. ನಾಲ್ಕೂ ಕಡೆ ಜಾಲರಿ, ಮೇಲೆ ತಗಡು, ಕೆಳಗಿನಿಂದ ಬಿಸಿ ಗಾಳಿ, ಮೂಲೆಗಳಲ್ಲಿ ಅಕ್ಕನ ಹಟಕ್ಕೆ ಹಾಕಿಸಿದ ಎಚ್ಚರಿಕೆಯ ಪೆಟ್ಟಿಗೆಗಳು. ಒಳಗೆ ಯಾರೂ ಕೂರಕೂಡದೆಂದು ಅವಳು ಬಾಗಿಲಿಗೆ ಬೋರ್ಡು ಬರೆಸಿದಳು. ಅಣ್ಣ ಅದನ್ನು ಓದಿ, "ಇದು ನನಗೇ ಹೇಳಿದ್ದಾ?" ಎಂದು ಕೇಳಿದ.

ಮಳೆಗಾಲ ಬಂದಾಗಲೂ ಬೆಂಡು ಲಟಕ್ಕೆನ್ನುತ್ತಿತ್ತು. ಶೋಧಕ ಕಟ್ಟಿಕೊಳ್ಳುವುದು ಅಪರೂಪವಾಯಿತು. ಹಬೆಯ ಕವಾಟವನ್ನು ಇಡೀ ಹಗಲು ತೆರೆದಿಟ್ಟರೂ ಕೆಂಡ ಮಂಕಾಗುತ್ತಿರಲಿಲ್ಲ. ಹೈಡ್ರೋಜನ್ನಿನ ಪಾಲು ಏರಿದ್ದು ಇಳಿಯದೆ ನಿಂತಿತು. ಗೋದಾಮು ತಂಪಾಗಿತ್ತು. ದರ್ಜಿಯ ಗಿರಾಕಿಗಳು ಅಂಗಿ ಮೂಸುವುದನ್ನು ಬಿಟ್ಟರು. ಅಕ್ಕನಿಗೆ ಇನ್ನು ಸಿಟ್ಟಾಗಲು ಕಾರಣವಿರಬಾರದಿತ್ತು.

ಆದರೆ ಸುದ್ದಿ ಹಬ್ಬಿ ಯಂತ್ರ ನೋಡಲು ಜನ ಬರತೊಡಗಿದರು, ಅವರಿಗೆ ವಿವರಿಸುವ ಭಾರವನ್ನು ಅಣ್ಣ ತಾನೇ ಹೊತ್ತುಕೊಂಡ.

"ಒಣಗಿಸೋ ಉಪಾಯ ನನ್ನದು" ಎಂದು ಶುರು ಮಾಡುತ್ತಿದ್ದ. "ಪ್ರಾಣ ಪಣಕ್ಕಿಟ್ಟು ಒಳಗೆ ಕೂತು ಪರೀಕ್ಷೆ ಮಾಡಿದೆ. ಇದರಿಂದ ಬರೋದು ಹೈಡ್ರೋಜನ್."

"ಪೂರ್ತಿ ಹೈಡ್ರೋಜನ್ ಅಲ್ಲ!" ಎಂದು ಅಕ್ಕ ಕುಲುಮೆಯ ಮೇಲಿನ ಅಟ್ಟದಿಂದ ಕೂಗುತ್ತಿದ್ದಳು. "ಅದು ಬರೀ ಕಾಲು ಭಾಗ! ಮಿಕ್ಕಿದ್ದರಲ್ಲಿ ನಿನ್ನನ್ನ ಮಲಗಿಸಿದ ಗ್ಯಾಸೂ ಇದೆ, ಅದನ್ನೂ ಹೇಳು!"

"ನಮ್ಮ ತಂಗಿ" ಎಂದು ಅಣ್ಣ ಬಂದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದ. "ಅವಳಿಗೆ ಎಲ್ಲ ಗೊತ್ತು. ಓದಿಸಿದ್ದು ನಾನೇ."

ಆ ಮಾತು ಸುಳ್ಳಲ್ಲ. ಸುಳ್ಳಲ್ಲದ್ದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚಿನ ಕಿರಿಕಿರಿ.

ಆ ವರ್ಷದ ಕೊನೆಯಲ್ಲಿ ನದಿಯಾಚೆಯ ಬೆಳೆಗಾರರೂ ಅಂಥದ್ದೇ ಯಂತ್ರ ನಿಲ್ಲಿಸಿದರು. ಅಲ್ಲಿನ ಕೆಲಸದವರಿಗೆ ಕಲಿಸಿಕೊಡಲು ಅಕ್ಕನೇ ಬರಬೇಕೆಂದು ಹೇಳಿ ಕಳಿಸಿದರು. ಒಬ್ಬಳೇ ಹೋಗುವುದು, ಕೆಲವು ವಾರ ಅಲ್ಲೇ ಇರುವುದು ಎಂದಾಗ ಅವಳಿಗೆ ಒಳಗೊಳಗೇ ಹಿಗ್ಗಾಯಿತು. ದರ್ಜಿ ಎರಡು ಹೊಸ ಕೆಲಸದಂಗಿ ಹೊಲಿದುಕೊಟ್ಟ. ಇಂಜಿನಿಯರಮ್ಮ ಸ್ಪ್ಯಾನರುಗಳ ಚೀಲ ಕೊಟ್ಟಳು. ಬೆಳಿಗ್ಗೆ ಅವಳು ಲಾರಿಯ ಬಾಗಿಲು ತೆರೆದರೆ, ಒಳಗಿನ ಸೀಟಿನಲ್ಲಿ ಅಣ್ಣ ತಲೆ ಬಾಚಿಕೊಂಡು ಕೂತಿದ್ದ.

"ನೀನೆಲ್ಲಿಗೆ?"

"ಅಲ್ಲಿನ ಬೆಂಡು ಹಸಿಯೋ ಒಣವೋ ನೋಡೋರು ಬೇಡವಾ, ಪುಟ್ಟಿ?"

"ಬೇಡ. ಇಳಿ."

"ಅವರೇನು ಬೇಡ ಅಂದಿಲ್ಲ."

"ಅವರು ಕರೆದೇ ಇಲ್ಲವಲ್ಲೋ ಮಾರಾಯ!"

ಚಾಲಕ ಇಬ್ಬರ ಮುಖವನ್ನೂ ನೋಡಿ ಇಂಜಿನ್ ಚಾಲೂ ಮಾಡಿದ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇಳಿಯಬೇಕಾದವನು ಇಳಿಯುತ್ತಾನೇನೋ ಎಂದು ಕಾದಳು. ಅವನು ತೊಡೆಯ ಮೇಲಿದ್ದ ನೀರಿನ ಬಾಟಲಿಯನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡ.

"ಸರಿ ಮತ್ತೆ, ಒಳಗೆ ಸರಿ" ಎಂದಳು ಅಕ್ಕ. "ಕಿಟಕಿ ಪಕ್ಕ ನಾನು ಕೂರೋದು."